ಎರಡೂ ಎಡಗಾಲಿನವು

ರಾತ್ರಿ ಹತ್ತರೊಳಗೆ ಮುನ್ನೂರು ಪದ ಬೇಕು,
ಸ್ಟಾರೆಷ್ಟು ಅಂತಲೂ ಹೇಳಿಬಿಡು ಎಂದಿದ್ದರು ಸಂಪಾದಕರು.
ಅದಕ್ಕೇ ಬಂದು ಕೂತಿದ್ದೆ
ಮಂಡಿಪೇಟೆ ಹಿಂದಿನ ಹಳೇ ಟಾಕೀಸಿನಲ್ಲಿ,
ಸೀಟಿನ ಸ್ಪಂಜು ಕಿತ್ತು ಇಲಿಗಳು ಸಂಸಾರ ಹೂಡಿದ ಕಡೆ.

ಚಿತ್ರದಲ್ಲಿ ಮನುಷ್ಯರೇ ಇಲ್ಲ, ಎಲ್ಲ ಬರೆದದ್ದು.
ಬರೆದ ಅಕ್ಕ, ಬರೆದ ತಮ್ಮ, ಬರೆದದ್ದೊಂದು ನಾಯಿ,
ನಮ್ಮೂರಿನದೇ ಅನ್ನಿಸುವ
ಮುಚ್ಚಿದ ಹತ್ತಿ ಗಿರಣಿಯೊಳಗೆ ಮೂವರ ವಾಸ.
ಅಪ್ಪ ಅವ್ವ ಹೇಗೆ ಹೋದರೆಂದು ಕೊನೆಗೂ ಹೇಳುವುದಿಲ್ಲ.
ಗೋಡೆಯಲ್ಲಿ ಎರಡು ಮೊಳೆ,
ಏನನ್ನೂ ತೂಗುಹಾಕದ ಮೊಳೆ.

ಇಂಟರ್ವಲ್ಲಿನಲ್ಲಿ ಅಭಿಪ್ರಾಯ ಜರಡಿ ಹಿಡಿದೆ,
ಮಂಡಕ್ಕಿ ಭಟ್ಟಿಯವರ ಹಾಗೆ:
ಮರಳು ಕೆಳಗೆ, ಅರಳಿದ್ದು ಮೇಲೆ.
'ಕತೆ ಜಗ್ಗುತ್ತೆ ಸ್ವಾಮಿ. ದುಃಖ ಇದೆ, ರಸ ಆಗಿಲ್ಲ'
ಅಂದರು ನಿವೃತ್ತ ಪ್ರಾಂಶುಪಾಲ ಪಾಲಾಕ್ಷಯ್ಯ.
'ಕಾರ್ಟೂನು ಅಂದ್ರು, ನಗಿಸುತ್ತೆ ಅಂತ ಮಗನ್ನ ಕರಕೊಂಡು ಬಂದೆ.
ರಾತ್ರಿ ಇವನು ಬೆಚ್ಚಿದ್ರೆ ಯಾರು ಹೊಣೆ?'
ಅಂದರು ಪಿ.ಜೆ. ಬಡಾವಣೆಯ ಕೋಮಲಾಕ್ಷಿ.
ಭಟ್ಟಿ ಮಾಲೀಕ ಜಬೀವುಲ್ಲಾ ಸಾಹೇಬರು
ಕನ್ನಡಕ ಒರೆಸಿದರು, ಮತ್ತೆ ಒರೆಸಿದರು.
'ಬೂದಿ ಕಣ್ರೀ, ಭಟ್ಟಿ ಬೂದಿ, ಕಣ್ಣಿಗೆ ಬಿದ್ದೈತೆ.'
ಆವತ್ತು ಶುಕ್ರವಾರ. ಭಟ್ಟಿಗೆ ರಜ.

ಮತ್ತೆ ಕತ್ತಲು. ಅಕ್ಕ ಎಲ್ಲಿಂದಲೋ
ತಮ್ಮನಿಗೆ ಚಪ್ಪಲಿ ಹುಡುಕಿ ತರುತ್ತಾಳೆ.
ಅವನು ಮೆಟ್ಟಿ ನಡೆದರೆ
ಒಂದು ಕಾಲು ಬೇರೆ ಊರಿಗೆ ಹೊರಟಂತೆ ಕಾಣುತ್ತದೆ.
ಎರಡೂ ಎಡಗಾಲಿನವು.
ಟಾಕೀಸಿಗೆ ಟಾಕೀಸೇ ಲೊಚಗುಟ್ಟಿತು,
ಅಲ್ಲಲ್ಲಿ ಮೂಗೇರಿಸುವ ಸದ್ದು, ಸೆರಗಿನ ಸದ್ದು.
ಆಗಲೇ ಮುಂದಿನ ಮೂರು ಸಾಲು
ಹೋ ಎಂದು ನಕ್ಕವು.

ಬಾಲಮಂದಿರದ ಮಕ್ಕಳು, ನಲವತ್ತೊಂದು ತಲೆ.
ಯಾವುದೋ ಸಂಘದವರು ಟಿಕೆಟ್ ಕೊಡಿಸಿ ಕರೆತಂದಿದ್ದರು.
ಒಬ್ಬನಂತೂ ಸೀಟಿನ ಮೇಲೆ ಹತ್ತಿ ನಿಂತು,
'ಲೇ ಹನುಮ್ಯಾ, ನೀನೇ ಕಣಲೇ ಅದು!'
ಹಿಂದಿನಿಂದ ಯಾರೋ ಗದರಿದರು.
ನಾನು ಪುಸ್ತಕದಲ್ಲಿ ಬರೆದುಕೊಂಡೆ:
'ದೃಶ್ಯದ ಗಾಂಭೀರ್ಯ ಕೆಲವರಿಗೆ ತಟ್ಟಲಿಲ್ಲ.'

ದೀಪ ಹತ್ತಿತು. ಎದ್ದ ಜನ
ಬಾಗಿಲ ಕಡೆ ಹೋಗಲಿಲ್ಲ.
ಒದ್ದೆ ಕಣ್ಣುಗಳೆಲ್ಲ ತಿರುಗಿದ್ದವು ಆ ಮೂರು ಸಾಲಿಗೆ.
ಒಬ್ಬಾಕೆ ಪರ್ಸು ತೆರೆದು, ಎಷ್ಟು ಕೊಡಬೇಕೋ ತಿಳಿಯದೆ, ಮುಚ್ಚಿದರು.
ಹುಲಿಗೆಮ್ಮ ಅಂತೆ ಹೆಸರು, ಒಂಬತ್ತೋ ಹತ್ತೋ,
ನನ್ನ ಅಂಗಿ ಜಗ್ಗಿ ಕೇಳಿದಳು:
'ಸಾರ್, ಪಿಚ್ಚರ್ ಮುಗೀತಲ್ಲ,
ಇನ್ನೂ ಯಾಕೆ ನೋಡ್ತಾ ಅದಾರೆ?'

ನನ್ನಲ್ಲಿ ಉತ್ತರವಿರಲಿಲ್ಲ, ಪ್ರಶ್ನೆಯೇ ಇತ್ತು.
ಚಪ್ಪಲಿಗೆ ಯಾಕೆ ನಕ್ಕಿರಿ ಎಂದೆ.
'ಮೂಟೇಲಿ ಬರ್ತಾವೆ ಸಾರ್, ಯಾರೋ ಕೊಟ್ಟಿದ್ದು.
ಜೋಡಿ ಸಿಕ್ಕೋನು ಪುಣ್ಯವಂತ.
ಬರೆದೋರಿಗೆ ಅದೆಂಗೆ ಗೊತ್ತಾತು?
ಆದ್ರೂ ಒಂದು ತಪ್ಪೈತೆ.
ಬಲಗಾಲಿನ ಕಿರುಬೆರಳಿಗೆ ಬೊಬ್ಬೆ ಬರ್ತೈತೆ,
ಅದನ್ನ ಬರೆದಿಲ್ಲ.'
ಕಾಲು ಮುಂದೆ ಚಾಚಿದಳು,
ಸಾಕ್ಷಿ ಹಾಜರುಪಡಿಸುವ ವಕೀಲೆಯ ಹಾಗೆ.

ಆ ಗಾಂಭೀರ್ಯದ ಸಾಲನ್ನು ಹೊಡೆದುಹಾಕಿದೆ.
ಜಾಗ ಖಾಲಿಯೇ ಉಳಿಯಿತು.

ಹೊರಗೆ ವ್ಯಾನು, ಒಂದೇ ಕಣ್ಣಿನ ಲೈಟು.
ಒಳಗಾಗಲೇ ಆಟ ಶುರು, ಪಾತ್ರಗಳಿಗೆ ಜಗಳ.
ಅಕ್ಕ ಆಗಲು ಯಾರೂ ಒಲ್ಲರು,
ತಮ್ಮ ಯಾರಿಗೂ ಬೇಡ,
ನಲವತ್ತೊಂದು ಮಂದಿಗೂ ನಾಯಿಯೇ ಆಗಬೇಕು.
'ಯಾಕ್ರೋ?'
'ನಾಯಿಗೆ ಎಲ್ಲಾ ಸೀನಲ್ಲೂ ಊಟ ಐತೆ ಸಾರ್.'

ಹತ್ತಕ್ಕೆ ಐದು ನಿಮಿಷ. ಫೋನು.
'ಎಷ್ಟು ಸ್ಟಾರಯ್ಯಾ?'
ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸು ಮುಗಿಯುತ್ತಲೇ ಇಲ್ಲ.
ಆಚೆ ನಿಂತ ವ್ಯಾನಿನ
ಒಂದೊಂದು ಕಿಟಕಿಯಿಂದಲೂ ಬೊಗಳುವ ಸದ್ದು.
'ಹೇಳಯ್ಯಾ, ಪುಟ ಹೋಗಬೇಕು, ಎಷ್ಟು?'
ಗೇಟು ಇನ್ನೂ ಎದ್ದಿರಲಿಲ್ಲ.