ಎರಡಡಿ ಆಚೆ

ತೇವದ ಮೀಟರು ಹದಿನಾರು ತೋರಿಸಿತು. ಅಪ್ಪ ಇಳಿದೇಬಿಟ್ಟ:
ಇವತ್ತು ಕೊಯ್ಲಿಲ್ಲ.
ಗೀದೊ, ಅಂದರೆ ಅಪ್ಪನ ಅಪ್ಪ, ಎಂಬತ್ತಾರು,
ತೆನೆಯೊಂದನ್ನು ಅಂಗೈಯಲ್ಲುಜ್ಜಿ, ಹೊಟ್ಟು ಊದಿ,
ಇರುವ ಗಟ್ಟಿ ಹಲ್ಲಿಗೊಂದು ಕಾಳು ಕೊಟ್ಟ.
ಟಕ್.
"ದಿಬ್ಬಕ್ಕೆ ಹದ ಬಂದಿದೆ. ತಗ್ಗು ನಾಳೆಗಿರಲಿ."
ಮೀಟರು ಜೇಬಿಗೆ ಹೋಯಿತು.

ಸಸ್ಕಾಚೆವಾನಿನ ಸೆಪ್ಟೆಂಬರು. ಮೂರು ಕಡೆ ಬರೀ ಗೋಧಿ,
ನಾಲ್ಕನೆಯ ಕಡೆ ಲಾರಿಯಲ್ಲಿ ಹಾಲ್ಯತ್ತೆ,
ಪಿರೋಹಿ ಪಾತ್ರೆಗೆ ಟವೆಲು ಸುತ್ತಿಕೊಂಡು.
ಈ ವರ್ಷ ಕಂಬೈನಿನ ಸ್ಟೀರಿಂಗು ನನಗೆ ಬಿಟ್ಟ.
ಪಕ್ಕದ ಪುಟ್ಟ ಸೀಟು, ಮೂಗಿಗೆಳೆದ ಟೋಪಿ, ಗೊರಕೆ.

ಪರದೆಯ ಮೇಲೆ ಗೆರೆ ನೆಟ್ಟಗಿತ್ತು, ದಾರ ಹಿಡಿದಂತೆ.
ದಿಬ್ಬದ ಮಗ್ಗುಲಲ್ಲಿ ಅವನು ವರ್ಷ ವರ್ಷ
ಬಳಸಿ ಹೋಗುವ ಜಾಗ ಮಾತ್ರ ಅದರಲ್ಲಿಲ್ಲ.
ಅಪ್ಪ ಹುಟ್ಟುವ ಮೊದಲೇ ಮುಚ್ಚಿದ ಬಾವಿಯಂತೆ.
ಒಳಗೊಂದು ಕುದುರೆ ಇದೆ, ಅನ್ನುತ್ತಾಳೆ ಅತ್ತೆ,
ಹೆಸರು ಸಿವ್ಕೊ.
ಅವನು ಏನೂ ಅನ್ನುವುದಿಲ್ಲ.

ಗೆರೆ ಬಿಟ್ಟೆ. ಎಡಕ್ಕೆ ಬಾಗಿಸಿದೆ.
ಒಂದು ಕೋಣೆಯಷ್ಟು ಗೋಧಿ
ಅಲ್ಲೇ ನಿಂತು ಗಾಳಿಗೆ ತಲೆಯಾಡಿಸಿತು.

ಗೊರಕೆ ನಿಂತಿತು.
ಟೋಪಿಯೊಳಗಿಂದ ಒಂದೇ ಮಾತು:
"ಇನ್ನೂ ಎರಡಡಿ ಆಚೆ."