ಲಾಭ, ಎರಡು, ಮೂರು

ನಮ್ಮ ಭಟ್ಟಿಯಲ್ಲಿ ಮೊದಲ ಸೇರಿಗೆ ಒಂದು ಅನ್ನುವುದಿಲ್ಲ.
ಲಾಭ ಅನ್ನುತ್ತೇವೆ. ಆಮೇಲೆ ಎರಡು, ಮೂರು.
ಹಾಗಾಗಿ ಪೊಟ್ಟಣದ ಕಂಪನಿಯಿಂದ ಬಂದ ಹುಡುಗಿ
ಫಾರಂ ಬಿಚ್ಚಿ, "ನಷ್ಟದಿಂದ ಶುರು ಮಾಡೋಣ್ವಾ?" ಅಂದಾಗ
ಮಾವ ಬುಡೇನ್‌ಸಾಬರು ಬೀಡಿ ಆರಿಸಿ
ನನ್ನ ಕಡೆ ನೋಡಿದರು: ಶಾಹೀನಾ, ನೀನೇ ಬರಿ.

ನಿಮ್ಮ ಉದ್ದಿಮೆ ಯಾವ ಯಾವ ಜೀವಿಗಳನ್ನು ನೆಚ್ಚಿದೆ?
ಎಷ್ಟು? ಕೆಜಿಯಲ್ಲೋ ಎಕರೆಯಲ್ಲೋ ತಿಳಿಸಿ.
"ಮಂಡಕ್ಕೀನ ಯಾರವ್ವಾ ತಕ್ಕಡೀಲಿ ತೂಗ್ತಾರೆ?"
ಚೀಲ ತುಂಬಿದರೂ ಹೆಗಲಿಗೆ ಗೊತ್ತಾಗದ ಸರಕು ನಮ್ಮದು.

ಭತ್ತ, ಭದ್ರಾ ನಾಲೆಯದು.
ಗದ್ದೆಯ ಇಲಿ ಹಿಡಿಯುವ ಗೂಬೆಗೆ ನಾವು ಕೂಲಿ ಕೊಟ್ಟಿಲ್ಲ,
ಹುಳ ಹೆಕ್ಕುವ ಬೆಳ್ಳಕ್ಕಿಗೂ.
ಬೆಳ್ಳಕ್ಕಿಯ ಹೆಸರಲ್ಲೂ ಅಕ್ಕಿ ಇದೆ, ಮಂಡಕ್ಕಿಯಲ್ಲಿರುವಷ್ಟೇ.
ಹುಡುಗಿ ಅದನ್ನು ಬರೆದುಕೊಳ್ಳಲಿಲ್ಲ.

ಹೊಗೆ? ಟೈರು ಸುಡುತ್ತಿದ್ದ ವರ್ಷಗಳಲ್ಲಿ
ಹಿತ್ತಲ ಬೇವಿನೆಲೆ ಮುಟ್ಟಿದರೆ ಬೆರಳು ಕಪ್ಪು.
ಒಣಹಾಕಿದ ಭತ್ತಕ್ಕೆ ಕಾವಲೇ ಬೇಕಿರಲಿಲ್ಲ.
ಈಗ ಹೊಟ್ಟು ಉರಿಸುತ್ತೇವೆ. ಗುಬ್ಬಿ ಬರುತ್ತವೆ,
ಅತ್ತೆ ಕೋಲು ಹಿಡಿದು ಬೈಯುತ್ತಾ ಕೂರುತ್ತಾರೆ.
ಇದನ್ನು ಯಾವ ಕಲಮಿನಲ್ಲಿ ಹಾಕಲಿ?
"ಎರಡರಲ್ಲೂ ಬರೀರಿ," ಅಂದಳು, ಮೊದಲ ಸಲ ನಗುತ್ತಾ.

ಮರಳು?
ಹರಿಹರದ ಹೊಳೆಯದು.

ಇಲ್ಲಿ ನನ್ನ ಪೆನ್ನು ನಿಂತಿತು.
ನನ್ನ ತವರು ಆ ಹೊಳೆಯ ಅಂಚಿನದು.
ದಿಬ್ಬದ ಮೇಲೆ ಒಂದು ಮಧ್ಯಾಹ್ನ ಅಣ್ಣ ಬಾಯಿಗೆ ಬೆರಳಿಟ್ಟು
ತೋರಿಸಿದ್ದ: ಮರಳು ಮಿಸುಕಿತು,
ಬೊಟ್ಟಿನಷ್ಟು ಆಮೆಮರಿ ತಲೆ ಹಾಕಿತು, ಇನ್ನೊಂದು, ಇನ್ನೊಂದು.
ಬಿಸಿಲಿಗೆ ಮರಳು ಕಾದರೆ ಒಳಗಿದ್ದದ್ದು ಒಡೆದು ಹೊರಗೆ ಬರುತ್ತದೆ.
ಬಾಣಲೆಯಲ್ಲೂ ಅಷ್ಟೇ. ಮರಳು ಕಾಯುತ್ತದೆ, ಚಟಪಟ, ಅಕ್ಕಿ ಅರಳುತ್ತದೆ.
ಆ ದಿಬ್ಬ ಈಗಿಲ್ಲ.
ನಮ್ಮಲ್ಲಿಗೆ ಎಷ್ಟು ಗಾಡಿ ಬಂತೆಂದು
ಹಳೇ ಚೀಟಿ ಹುಡುಕಿದರೆ ಸಿಗುತ್ತದೆ.
ಹುಡುಕಿದೆ. ಬರೆದೆ. ಮಾವ ಬೇಡವೆನ್ನಲಿಲ್ಲ.

ಕೊನೆಯ ಸಾಲು: ಅಳತೆಯ ವಿಧಾನ.
ಹಿತ್ತಾಳೆ ಸೇರು ತಂದು ಮುಂದಿಟ್ಟೆ.
ಅವಳು ಎತ್ತಿ, ಸುಮ್ಮನೆ, ತಿರುಗಿಸಿ ನೋಡಿದಳು.
ತಳ ಒಳಕ್ಕೆ ತಗ್ಗಿತ್ತು, ಮಾವನ ಅಪ್ಪನ ಕಾಲದಿಂದ,
ಸೇರಿಗೆ ಒಂದು ಹಿಡಿ ನಮಗೇ ಉಳಿಯುವಷ್ಟು.
ಬೆಂಕಿಯ ಸದ್ದೊಂದೇ.
ಮಾವ ಎದ್ದು ಒನಕೆ ತಂದು ಒಳಗಿನಿಂದ ಎರಡೇಟು ಹಾಕಿದರು.
ತಗ್ಗು ಪೂರಾ ಹೋಗಲಿಲ್ಲ.
"ಈಗ ಅಳಿ," ಅಂದರು.

ತುಂಬಿದೆ, ಗೋಪುರವಾಗುವಷ್ಟು. ಚೀಲಕ್ಕೆ ಸುರಿದೆ.
ಏನೆಂದು ಎಣಿಸಬೇಕೋ ಬಾಯಿಗೆ ಬರಲಿಲ್ಲ.
ಮತ್ತೆ ತುಂಬಿ, ಎರಡರಿಂದ ಶುರು ಮಾಡಿದೆ.