ತುಪ್ಪದ ಕೊಳದ ದಾರಿ

ಡಾಕ್ಟರು ಬರೆದದ್ದು ಎರಡೇ ಸಾಲು:
ತುಪ್ಪ ಬಿಡಿ. ನಡೆಯಿರಿ.
ದುರ್ಗದವನು ನಾನು, ಎರಡನ್ನೂ ಒಂದೇ ಗಂಟಲ್ಲಿ ಕಟ್ಟಿದೆ:
ಯುಗಾದಿಯೊಳಗೆ ತುಪ್ಪದ ಕೊಳ ಹತ್ತುತ್ತೇನೆ
ಅಂತ ಪಾಲಮ್ಮನ ಮುಂದೆ ಅಂದುಬಿಟ್ಟೆ.
ಅನ್ನಬಾರದಿತ್ತು.

ಇಪ್ಪತ್ತಾರು ವರ್ಷ ಹೊಸದುರ್ಗಕ್ಕೆ ನಿಂತೇ ಹೋಗಿ ಬಂದವನು,
ನಡೆದದ್ದು ಮಾತ್ರ
ಬಸ್ಸಿನ ಮುಂಬಾಗಿಲಿಂದ ಹಿಂಬಾಗಿಲಿಗೆ.

ಮೊದಲ ದಿನ ಕೋಟೆಯ ಎರಡನೇ ಬಾಗಿಲಿಗೇ ಹೋಲ್ಡಾನ್.
ಬಿಸಿಲೇರದ ಬಂಡೆಗೆ ಬೆನ್ನು ಕೊಟ್ಟು
ಉಸಿರೆಣಿಸಿದೆ; ಲೆಕ್ಕಕ್ಕೆ ಚಿಲ್ಲರೆ ಕಡಿಮೆ ಬಿತ್ತು.
ಮೂರು ದಿನ ಹೋದೆ. ನಾಲ್ಕನೆಯ ದಿನ ಮೋಡ.
ಐದನೆಯ ದಿನ ಮೋಡವಿರಲಿಲ್ಲ, ಆದರೂ ಹೋಗಲಿಲ್ಲ.
ಆರನೆಯ ದಿನ ಷಡ್ಡಕನ ಮನೆಯಲ್ಲಿ ಹೋಳಿಗೆ,
ಅದರ ಮೇಲೆ ಏನು ಸುರಿದರೆಂದು ಕೇಳಬೇಡಿ.

ಪಾಲಮ್ಮ ಬೈಯಲಿಲ್ಲ.
ಮಾರನೆಯ ದಿನ ಐದೂವರೆಗೆ, ಕಿವಿಯ ಹತ್ತಿರ ಬಂದು,
ನನ್ನದೇ ಸೀಟಿ ತೆಗೆದು ಊದಿದಳು.
ಎರಡು ಸಲ.
ಅಂದರೆ ರೈಟ್.

ಯುಗಾದಿ ಬಂತು, ಹೋಯಿತು.
ಕೊಳ ಇನ್ನೂ ಮೇಲೇ ಇದೆ.
ಇವತ್ತು ಏಕನಾಥಿ ಗುಡಿಯ ತನಕ ನಿಲ್ಲದೆ ಬಂದೆ.
ಅಲ್ಲಿಂದಾಚೆ ಕಡಿದಾದ ಬಂಡೆ, ಯಾವ ಕಾಲದವರೋ
ಪಾದದ ಅಳತೆಗೆ ಕೊರೆದಿಟ್ಟ ಕುಳಿಗಳು.
ಮೊದಲನೆಯದಕ್ಕೆ ಕಾಲಿಟ್ಟು ನೋಡಿದೆ.
ಸರಿಹೋಯಿತು.
ಇಳಿದು ಬಂದೆ.
ಡ್ಯೂಟಿಗೆ ಹೊತ್ತಾಗಿತ್ತು.